ಅಲ್ಲಾಡಬೇಡಿ ಸಾರ್

“ಗಾಬರಿಯಾಗಬೇಡಿ” ಎಂದು ಯಾರಾದರೂ ಹೇಳಿದ ಮರುಕ್ಷಣವೇ ನನಗೆ ಗಾಬರಿ ಶುರುವಾಗುತ್ತದೆ. ಗಾಬರಿಪಡುವಂಥದ್ದು ಏನೋ ಇದೆ ಎಂಬ ಸುದ್ದಿ ಅಲ್ಲಿಯವರೆಗೆ ನನ್ನ ಕಿವಿಗೆ ಬಿದ್ದಿರುವುದೇ ಇಲ್ಲ. ಸೊಂಟನೋವಿಗೆ ಎಂ.ಆರ್.ಐ. ಮಾಡಿಸಿ ಎಂದು ಡಾಕ್ಟರು ಚೀಟಿ ಬರೆದುಕೊಟ್ಟ ಮೇಲೆ ಈ ಮಾತು ಹೇಳದ ನೆಂಟರೇ ಉಳಿಯಲಿಲ್ಲ. ನಮ್ಮಲ್ಲಿ ಸೊಂಟನೋವು ಸಾರ್ವಜನಿಕ ವಿಷಯ. ಬೆನ್ನುಮೂಳೆಯ ಎಲ್-ಫೋರ್, ಎಲ್-ಫೈವ್‌ಗಳ ಯೋಗಕ್ಷೇಮ ಮದುವೆಮನೆಯ ಪಂಕ್ತಿಯಲ್ಲೂ ಚರ್ಚೆಯಾಗುತ್ತದೆ. ಚಿಕ್ಕಪ್ಪ ಫೋನು ಮಾಡಿ, “ಏನಿಲ್ಲ ಕಣೋ, ಒಂದು ಕೊಳವೆಯೊಳಕ್ಕೆ ತಳ್ತಾರೆ ಅಷ್ಟೇ. ನಾನಂತೂ ಅರ್ಧಕ್ಕೇ ಎದ್ದು ಬಂದೆ” ಎಂದು ಧೈರ್ಯ ತುಂಬಿದರು. ಸೋದರತ್ತೆ ವಿಷ್ಣು ಸಹಸ್ರನಾಮ ಹೇಳಿಕೊಳ್ಳಲು ಅಪ್ಪಣೆ ಕೊಟ್ಟರು.

ಸ್ಕ್ಯಾನಿಂಗ್ ಸೆಂಟರಿನ ಹುಡುಗ ಫಾರಂ ಹಿಡಿದು ಬಂದ. ಪೇಸ್‌ಮೇಕರ್ ಇದೆಯಾ, ಮೈಯಲ್ಲಿ ರಾಡು, ಸ್ಕ್ರೂ ಏನಾದರೂ ಹಾಕಿದ್ದಾರಾ? ಗರ್ಭಿಣಿಯೇ ಎಂಬ ಪ್ರಶ್ನೆ ಬಂದಾಗ ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ಸ್ವಲ್ಪ ತಡೆದು, “ಇಲ್ಲ” ಎಂದು ತಾನೇ ಬರೆದುಕೊಂಡ. ಆಮೇಲೆ ನನ್ನ ಬೆಳ್ಳಿಯ ಉಡದಾರ ಬಿಚ್ಚಿಡುವ ಸರದಿ. ಪಕ್ಕದ ಬೆಂಚಿನಲ್ಲಿ ಒಬ್ಬಾಕೆಯ ಕಾಲುಂಗುರ ಏನು ಮಾಡಿದರೂ ಬರುತ್ತಿರಲಿಲ್ಲ. ಗಂಡ ಮಂಡಿಯೂರಿ ಕುಳಿತು, ಬೆರಳಿಗೆ ಸೋಪು ಸವರಿ ಎಳೆಯುತ್ತಿದ್ದರು. “ಹಾಕೋವಾಗ ಭಟ್ಟರು ಪಕ್ಕದಲ್ಲಿ ಇದ್ರು, ತೆಗೆಯೋಕೆ ಯಾರೂ ಇಲ್ಲ ನೋಡಿ” ಎಂದು ನನ್ನತ್ತ ತಿರುಗಿ ನಕ್ಕರು. ಆಕೆಗೂ ನಗು ಬಂತು. ಆ ಕೋಣೆಯಲ್ಲಿ ಕಂಡ ಅತ್ಯುತ್ತಮ ಶಮನೋಪಾಯ ಅದೇ ಎನ್ನಬೇಕು.

ಈ ಕಟ್ಟುನಿಟ್ಟು ಸುಮ್ಮನೆ ಅಲ್ಲ. ಸಾಮಾನ್ಯವಾಗಿ ಈ ಯಂತ್ರದ ಅಯಸ್ಕಾಂತದ ಬಲ 1.5 ಟೆಸ್ಲಾ, ಭೂಮಿಯ ಕಾಂತಬಲಕ್ಕಿಂತ ಸುಮಾರು 30,000 ಪಟ್ಟು. ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿರುವ ಅದರ ಸುರುಳಿಗಳಲ್ಲಿ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ರೋಗಿ ಇರಲಿ, ಬಿಡಲಿ, ರಾತ್ರಿ ಬೀಗ ಹಾಕಿಕೊಂಡು ಹೋಗಲಿ, ಅಯಸ್ಕಾಂತ ಎಚ್ಚರವಾಗಿಯೇ ಇರುತ್ತದೆ. ಬೆಳ್ಳಿಯನ್ನು ಅದು ಎಳೆಯುವುದಿಲ್ಲ, ನಿಜ. ಆದರೆ ಮೈಮೇಲಿನ ಲೋಹ ಬಿಸಿಯಾಗಬಹುದು, ಚಿತ್ರವೂ ಕೆಡುತ್ತದೆ.

ಕೊಳವೆಯ ಬಾಯಿಯ ಅಗಲ 60 ಸೆಂಟಿಮೀಟರು, ಹೊಸ ಯಂತ್ರಗಳಲ್ಲಿ 70. ಇದರಲ್ಲಿ ಹಿಡಿಸದೆ ಹೋದೇನೇ ಎಂದು ಅಂಜುವವರಿಗೆ ಘನವಾದ ಪೂರ್ವಜರಿದ್ದಾರೆ. ಅಮೆರಿಕದ ರೇಮಂಡ್ ಡಮೇಡಿಯನ್ ತಾವೇ ಕಟ್ಟಿಸಿದ ಆರಂಭಕಾಲದ ಎಂ.ಆರ್.ಐ. ಯಂತ್ರದೊಳಗೆ ಮೊದಲು ತಾವೇ ಕುಳಿತರು. ಅವರ ದಪ್ಪಕ್ಕೆ ಯಂತ್ರ ಒಗ್ಗಲಿಲ್ಲ. ಕೊನೆಗೆ 1977ರ ಜುಲೈ 3ರಂದು ಸಣಕಲು ಸಹಾಯಕ ಲ್ಯಾರಿ ಮಿಂಕಾಫ್ ಅವರನ್ನು ಕೂರಿಸಿದರು. ಎದೆಯ ಒಂದೇ ಒಂದು ಪದರದ ಚಿತ್ರಕ್ಕೆ ಆ ಪುಣ್ಯಾತ್ಮರು ಹತ್ತಿರಹತ್ತಿರ ಐದು ಗಂಟೆ ಅಲ್ಲಾಡದೆ ಕುಳಿತಿದ್ದರು. ಈ ವಿದ್ಯೆಗೆ 2003ರಲ್ಲಿ ನೊಬೆಲ್ ಬಂದದ್ದು ಮಾತ್ರ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಎಂಬ ಬೇರೆ ಇಬ್ಬರು ವಿಜ್ಞಾನಿಗಳಿಗೆ. ಡಮೇಡಿಯನ್ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು ಜಗಳವಾಡಿದರು. ಮಿಂಕಾಫ್ ಅವರಿಗೂ ಒಂದು ಪಾಲು ಕೊಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಹುಡುಗ ನನ್ನನ್ನು ಮಲಗಿಸಿ, ಕಿವಿಗೆ ಹೆಡ್‌ಫೋನು ತೊಡಿಸಿ, ಕೈಗೆ ಹಳೇ ಆಟೋ ಹಾರನ್ನಿನಂಥ ರಬ್ಬರಿನ ಗುಂಡೊಂದನ್ನು ಕೊಟ್ಟ. “ಏನಾದ್ರೂ ಆದ್ರೆ ಒತ್ತಿ. ಅಲ್ಲಾಡಬೇಡಿ ಸಾರ್.” ಅಲ್ಲಾಡಬೇಡಿ ಎಂದದ್ದೇ ತಡ, ಮೂಗಿನ ತುದಿ ತುರಿಸತೊಡಗಿತು. ಆಮೇಲೆ ಶಬ್ದ. ಒಳಗಿನ ಇನ್ನೊಂದು ಜೊತೆ ಸುರುಳಿಗಳಲ್ಲಿ ವಿದ್ಯುತ್ತು ಕ್ಷಣಕ್ಷಣಕ್ಕೂ ಹತ್ತಿ ಆರುತ್ತದೆ. ದೊಡ್ಡ ಅಯಸ್ಕಾಂತದ ನಡುವೆ ಅವು ಅದುರುವುದೇ ಆ ಡಬಡಬ, ಕಟಕಟ. ಹೆಡ್‌ಫೋನಿನ ಭಾವಗೀತೆ ಎಲ್ಲಿಗೋ ಕೊಚ್ಚಿಹೋಯಿತು. ಸಹಸ್ರನಾಮ ಎರಡನೇ ಶ್ಲೋಕಕ್ಕೆ ಯಂತ್ರದ ತಾಳಕ್ಕೆ ಸಿಕ್ಕಿ ಮುಗ್ಗರಿಸಿತು. ಉಸಿರನ್ನು ಗಮನಿಸೋಣವೆಂದರೆ, ಗಮನಿಸಿದಷ್ಟೂ ಅದು ಸಾಲದು ಅನ್ನಿಸತೊಡಗಿತು.

ಕೊನೆಗೆ ಕೈಹಿಡಿದದ್ದು ಶಿವಮೊಗ್ಗ–ಸಾಗರ ಬಸ್ಸು. ಕಣ್ಣು ಮುಚ್ಚಿಕೊಂಡೇ ಹತ್ತಿದೆ. ಆಯನೂರು, ಕುಂಸಿ, ಚೋರಡಿ. ಪ್ರತಿ ಸ್ಟಾಪಿನಲ್ಲೂ ಯಾರು ಇಳಿದರು, ಯಾರು ಹತ್ತಿದರು, ಕಂಡಕ್ಟರು ಯಾರಿಗೆ ಚಿಲ್ಲರೆ ಬಾಕಿ ಉಳಿಸಿಕೊಂಡ, ಎಲ್ಲ ಲೆಕ್ಕ ಇಟ್ಟೆ. ನಡುನಡುವೆ ಹುಡುಗನ ದನಿ: “ಇನ್ನು ನಾಲ್ಕು ನಿಮಿಷ ಸಾರ್.” ಆ ನಾಲ್ಕು ನಿಮಿಷ ಎಂಬ ಮಾತಿನಷ್ಟು ನೆಮ್ಮದಿ ಯಾವ ಉಪದೇಶದಿಂದಲೂ ಸಿಗಲಾರದು. ಆನಂದಪುರದಲ್ಲಿ ಬಸ್ಸು ನಿಂತಿದ್ದಾಗ, ಇನ್ನೇನು ಟೀ ಹೇಳಬೇಕು, ಅಷ್ಟರಲ್ಲಿ ಹೊರಗೆಳೆದುಬಿಟ್ಟರು.

ನಿಮ್ಮ ಸರದಿ ಬಂದಾಗ, ಇಕ್ಕಟ್ಟಾದ ಜಾಗ ಕಂಡರೆ ಆಗದೆಂಬುದನ್ನು ಫಾರಂ ತುಂಬುವಾಗಲೇ ಹೇಳಿಬಿಡಿ. ಅಗಲ ಬಾಯಿಯ ಯಂತ್ರ ಎಲ್ಲಿದೆ ಎಂದು ತಿಳಿಸುತ್ತಾರೆ, ತೀರಾ ಅಗತ್ಯವಿದ್ದರೆ ಡಾಕ್ಟರನ್ನು ಕೇಳಿ ಮಂಪರಿನ ಔಷಧಿಯನ್ನೂ ಕೊಡುತ್ತಾರೆ. ಅದರಲ್ಲಿ ನಾಚಿಕೆ ಏನೂ ಇಲ್ಲ. ಹಾಸಿಗೆ ಒಳಕ್ಕೆ ಸರಿಯುವ ಮೊದಲೇ ಕಣ್ಣು ಮುಚ್ಚಿಕೊಳ್ಳಿ, ನಡುವೆ ತೆರೆಯಬೇಡಿ. ನಿಮ್ಮೂರ ಬಸ್ಸಿನ ಸ್ಟಾಪುಗಳನ್ನು ಹಿಂದಿನ ದಿನವೇ ಒಮ್ಮೆ ನೆನಪು ಮಾಡಿಕೊಳ್ಳಿ. ಉಡದಾರವನ್ನು ಮಾತ್ರ ಮನೆಯಲ್ಲೇ ಬಿಚ್ಚಿಟ್ಟು ಹೋಗಿ.