ನೀಲಿ ಶಾಯಿಯ ಅಕ್ಟೋಬರ್

ಬ್ಯಾಂಕಿನಿಂದ ನಿವೃತ್ತನಾದ ದಿನ ಸಹೋದ್ಯೋಗಿಗಳು ನನಗೊಂದು ಚಕ್ರದ ಸೂಟ್‌ಕೇಸ್ ಕೊಟ್ಟರು. ಹಾರ ಹಾಕಿಸಿಕೊಂಡ ಹುಮ್ಮಸ್ಸಿನಲ್ಲಿ ಮೈಕಿನ ಮುಂದೆ, ‘ಇದನ್ನೆಳೆದುಕೊಂಡು ಒಬ್ಬನೇ ವಿದೇಶಕ್ಕೆ ಹೋಗಿ, ಎಂಟು ದಿನ ಸುಮ್ಮನೆ ಕೂತು ಬರ್ತೇನೆ’ ಅಂದುಬಿಟ್ಟೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ಹೆಂಡತಿ ಮಾತ್ರ ತಟ್ಟಲಿಲ್ಲ. ಆ ಸೂಟ್‌ಕೇಸ್ ಈಗ ಶಿವಮೊಗ್ಗದ ನಮ್ಮ ಮನೆಯ ಅಟ್ಟದ ಮೇಲಿದೆ. ಒಳಗೆ ಎರಡು ಕಂಬಳಿ, ಹಬ್ಬಕ್ಕೆ ಮಾತ್ರ ಕೆಳಗಿಳಿಯುವ ಹಿತ್ತಾಳೆ ಪಾತ್ರೆ. ಚಕ್ರ ಇನ್ನೂ ಹೊಚ್ಚಹೊಸದು.

‘ಸುಮ್ನೆ ಕೂರೋಕೆ ಅಷ್ಟು ದೂರ ಯಾಕ್ರೀ? ಇಲ್ಲೇ ಎರಡು ವರ್ಷದಿಂದ ಚೆನ್ನಾಗೇ ಕೂತಿದ್ದೀರಲ್ಲ’ ಎಂದು ಅವಳು ಕೇಳಿದಾಗಲೆಲ್ಲ ನನ್ನದು ಒಂದೇ ಉತ್ತರ: ‘ಸೀಸನ್ ಸರಿಯಿಲ್ಲ.’

ಬಾಯಿಮಾತಿಗೆ ಹೇಳುತ್ತಿರಲಿಲ್ಲ, ದಾಖಲೆ ಇಟ್ಟಿದ್ದೆ. ಹಳೆಯ ಲೆಡ್ಜರೊಂದರಲ್ಲಿ ಪುಟಕ್ಕೊಂದು ದೇಶ, ಸಾಲಿಗೊಂದು ತಿಂಗಳು. ಬಿಸಿಲಿಗೆ ಕೆಂಪು ಶಾಯಿ, ಮಳೆಗೆ ನೀಲಿ. ಬಾಲಿಯಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಮಳೆ, ನನಗೆ ಮನೆ ಬಿಡಲು ಮನಸ್ಸಾಗುವುದೂ ಆಗಲೇ. ಅಡ್ಡಗೀಟು. ಜಪಾನಿನಲ್ಲಿ ಜೂನ್ ತಿಂಗಳು ಜಡಿಮಳೆ, ಆಗಸ್ಟ್-ಸೆಪ್ಟೆಂಬರಿನಲ್ಲಿ ಚಂಡಮಾರುತ. ಚೆರ್ರಿ ಹೂವಿನ ಕಾಲ ಚೆನ್ನಾಗಿದೆ, ಆದರೆ ಆಗ ಅರ್ಧ ಜಗತ್ತು ಅಲ್ಲೇ ಇರುತ್ತದೆ. ಅಡ್ಡಗೀಟು. ವಿಯೆಟ್ನಾಂ ಉದ್ದಕ್ಕೆ ಮಲಗಿದ ದೇಶ. ಉತ್ತರದ ಸೆಖೆ ಇಳಿಯಿತು ಅನ್ನುವಾಗ ನಡುವಿನ ಹೋಯಿ ಆನ್‌ನಲ್ಲಿ ನೆರೆ. ಅಡ್ಡಗೀಟು. ಮೂವತ್ನಾಲ್ಕು ವರ್ಷ ಸಾಲದ ಅರ್ಜಿಗಳನ್ನು ವಾಪಸ್ ಕಳಿಸಿದ ಕೈ ಇದು, ದೇಶಗಳನ್ನು ವಾಪಸ್ ಕಳಿಸಲು ಎಷ್ಟು ಹೊತ್ತು?

ಕೆಲಸ ಕೆಡಿಸಿದವನು ಭಾವಮೈದ. ‘ಶ್ರೀಲಂಕಾಕ್ಕೆ ಹೋಗಿ ಭಾವ. ನಮ್ಮೂರಿಂದ ಬೆಂಗಳೂರಿಗೇ ಐದು ಗಂಟೆ. ಅಲ್ಲಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ’ ಅಂದ. ಸರಿ, ಅದಕ್ಕೂ ಒಂದು ಅಡ್ಡಗೀಟು ಹಾಕಿದರಾಯಿತೆಂದು ಕೂತೆ.

ನೋಡಿದರೆ ಆ ದ್ವೀಪಕ್ಕೆ ಮಳೆಗಾಲ ಎರಡು. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಮುಂಗಾರು ಕೊಲಂಬೊ, ಗಾಲೆಯ ಕಡೆ ಸುರಿದು ನಡುವಿನ ಬೆಟ್ಟಕ್ಕೆ ಢಿಕ್ಕಿ ಹೊಡೆದು ಖಾಲಿಯಾಗುತ್ತದೆ. ಪೂರ್ವದ ದಡ ಒಣಗಿ ಗರಿಗರಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಈಶಾನ್ಯದಿಂದ ಮಳೆ. ಪೂರ್ವ ನೆನೆಯುತ್ತದೆ, ಗಾಲೆಯಲ್ಲಿ ಬಿಸಿಲು. ಆಗುಂಬೆಯಲ್ಲಿ ಹೊಯ್ದ ಮೋಡ ಚಳ್ಳಕೆರೆಗೆ ಬರಿಗೈಯಲ್ಲಿ ಹೋಗುವ ಅದೇ ಕಥೆ. ಏನೆಂದರೆ, ಚಳ್ಳಕೆರೆಗೆ ಎಂದೂ ಬಾರದ ಪಾಳಿ ಅಲ್ಲಿ ವರ್ಷವರ್ಷವೂ ಬರುತ್ತದೆ. ಅಂದರೆ ಯಾವ ತಿಂಗಳು ಹೋದರೂ ಯಾವುದೋ ಒಂದು ದಡದಲ್ಲಿ ಬಿಸಿಲು ಕಾಯುತ್ತಿರುತ್ತದೆ.

ಬೇರೆ ಯಾರಾದರೂ ಕುಣಿದಾಡುತ್ತಿದ್ದರು. ನನಗೆ ಬೆವರು ಕಿತ್ತುಕೊಂಡಿತು. ಹೇಳಿಬಿಡುತ್ತೇನೆ, ಹೋಟೆಲಿನಲ್ಲಿ ಮಾಣಿ ‘ಏನು ಕೊಡ್ಲಿ ಸಾರ್’ ಅಂದರೆ ಹೆಂಡತಿಯ ಮುಖ ನೋಡುವ ಗಂಡಸು ನಾನು. ಬಿಪಿ ಮಾತ್ರೆ ತೆಗೆದುಕೊಂಡೆನೋ ಇಲ್ಲವೋ ಎಂಬುದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಮಳೆಯ ಹೆಸರು ಹೇಳಿಕೊಂಡು ಎರಡು ವರ್ಷ ಮರ್ಯಾದೆ ಕಾಪಾಡಿಕೊಂಡಿದ್ದೆ.

ಆದರೂ ಬಿಡಲಿಲ್ಲ. ಎರಡು ಮಳೆಗಾಲಗಳ ನಡುವೆ, ಅಕ್ಟೋಬರ್-ನವೆಂಬರಿನಲ್ಲಿ, ಗುಡುಗು ಮಿಂಚಿನ ಮಳೆ ದ್ವೀಪದ ಎಲ್ಲ ಕಡೆಯೂ ಬೀಳುತ್ತದೆಂದು ಗೊತ್ತಾಯಿತು. ಆ ರಾತ್ರಿ ನೆಮ್ಮದಿಯ ನಿದ್ದೆ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಗಂಭೀರವಾಗಿ, ‘ಅಕ್ಟೋಬರ್ 12ಕ್ಕೆ ಹೊರಡ್ತೇನೆ’ ಎಂದು ಘೋಷಿಸಿದೆ. ಸೆಪ್ಟೆಂಬರ್ ಕೊನೆಗೆ ‘ಛೆ, ಮಳೆ’ ಅಂದರಾಯಿತು.

‘ಅದು ಚಿತ್ತೆ ಮಳೆ ಹೊತ್ತಲ್ಲೇನೋ’ ಅಂದರು ಅಮ್ಮ, ಪಂಚಾಂಗ ಮುಟ್ಟದೆಯೇ. ‘ಕುರುಡು ಚಿತ್ತೆ. ಎತ್ತ ಎರಚ್ತದೋ ಹೇಳೋಕಾಗಲ್ಲ.’

ಹೆಂಡತಿ ಸೊಪ್ಪು ಸೋಸುವುದು ನಿಲ್ಲಿಸಿ ಲೆಡ್ಜರ್ ಎಳೆದುಕೊಂಡಳು. ಕನ್ನಡಕ ಏರಿಸಿ, ಪಶ್ಚಿಮದ ಕಾಲಂ ಮೇಲೊಂದು ಬೆರಳು, ಪೂರ್ವದ ಕಾಲಂ ಮೇಲೊಂದು ಬೆರಳು ಇಟ್ಟು ಜನವರಿಯಿಂದ ಇಳಿಯುತ್ತ ಬಂದಳು. ನನ್ನ ಶಾಖೆಗೆ ಬಂದಿದ್ದ ಯಾವ ಆಡಿಟರೂ ಇಷ್ಟು ನಿಧಾನವಾಗಿ ಪುಟ ನೋಡಿದವನಲ್ಲ. ಬೆರಳುಗಳು ಅಕ್ಟೋಬರಿನಲ್ಲಿ ನಿಂತವು.

‘ಎರಡೂ ಕಡೆ ನೀಲಿ ಬಳಿದಿರೋದು ಇಲ್ಲಿಂದ. ಹುಡುಕಿ ಹುಡುಕಿ ಇದನ್ನೇ ಹಿಡಿದಿದ್ದೀರಲ್ರೀ!’

‘ಅದೂ... ಜನ ಕಡಿಮೆ ಇರ್ತಾರೆ.’

‘ಹನುಮಂತನೂ ಒಬ್ಬನೇ ಹೋಗಿದ್ದು ಲಂಕೆಗೆ. ಅವನು ಯಾವ ಸೀಸನ್ ನೋಡಿ ಹಾರಿದ?’

ಅವನಿಗೆ ಬಿಪಿ ಇರಲಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ತಮ್ಮನಿಗೆ ಫೋನ್ ಮಾಡಿ ಆಗಿತ್ತು. ಅರ್ಧ ಗಂಟೆಯಲ್ಲಿ ಜುಲೈ 8ರ ಟಿಕೆಟ್ ಬಂತು. ಊರು ತ್ರಿಕೋಣಮಲೆ, ಪೂರ್ವದ ದಡ, ಕೆಂಪು ಶಾಯಿ. ಅಲ್ಲಿ ಕಡಲಂಚಿನ ಬಂಡೆಯ ಮೇಲೆ ಕೋಣೇಶ್ವರ ಅಂತ ಶಿವನ ಗುಡಿ ಇದೆಯೆಂದು ತಿಳಿದ ಮೇಲೆ ಅಮ್ಮನೂ ಅವರ ಪಕ್ಷ ಸೇರಿದರು.

ಜೂನ್ ಬಂತು. ಅಮ್ಮ ಕೊನೆಯ ಹಲಸಿನಕಾಯಿಗಳ ಹಪ್ಪಳ ಒತ್ತಿ ಚಾಪೆಗೆ ಹಾಕಿದ ಮಧ್ಯಾಹ್ನವೇ ಮೃಗಶಿರಾ ಹಿಡಿದುಕೊಂಡಿತು. ಅದು ಬಿಡುವ ಮೊದಲೇ ಆರಿದ್ರಾ. ಅರೆ ಒಣಗಿದ ನೂರಿಪ್ಪತ್ತು ಹಪ್ಪಳ ಹಾಲಿನ ಫ್ಯಾನಿನ ಕೆಳಗೆ, ಸೋಫಾದ ಮೇಲೆ, ಕೊನೆಗೆ ನನ್ನ ಲೆಡ್ಜರಿನ ಮೇಲೂ ಹರಡಿಕೊಂಡವು. ಒಂದು ಸಂಜೆ, ನಾನು ಹೆದರಿಲ್ಲವೆಂದು ತೋರಿಸಲು ಜ್ಞಾನಪ್ರದರ್ಶನಕ್ಕಿಳಿದೆ: ‘ಅಮ್ಮಾ, ಜುಲೈಯಲ್ಲಿ ಅಲ್ಲಿ ಬೆಟ್ಟ ಇಳಿದು ಒಂದು ಗಾಳಿ ಬರುತ್ತಂತೆ. ಕಚ್ಚಾನ್ ಅಂತ ಹೆಸರು. ಸುಡುಸುಡು, ಒಂದು ಹನಿ ತೇವ ಇಲ್ಲದ ಒಣಗಾಳಿ.’

ಅಮ್ಮ ಹಪ್ಪಳ ಮಗುಚುವುದನ್ನು ನಿಲ್ಲಿಸಿದರು. ‘ಒಣಗಾಳಿಯಾ?’

ಮರುದಿನ ಸೂಟ್‌ಕೇಸ್ ಅಟ್ಟದಿಂದ ಇಳಿಯಿತು. ಕಂಬಳಿ ಹೊರಗೆ, ಹಿತ್ತಾಳೆ ಹೊರಗೆ. ನನ್ನ ಎರಡು ಅಂಗಿ, ಮಾತ್ರೆಯ ಡಬ್ಬಿ ಒಂದು ಮೂಲೆಗೆ. ಉಳಿದ ಜಾಗದಲ್ಲಿ ಹಳೆಯ ಪಂಚೆಯ ಮಡಿಕೆಗಳ ನಡುವೆ ಅಮ್ಮ ಒಂದೊಂದೇ ಹಪ್ಪಳ ಜೋಡಿಸಿದರು. ಹೆಂಡತಿ ಎಣಿಸಿ ಲೆಡ್ಜರಿನಲ್ಲಿ ಬರೆದುಕೊಂಡಳು, ವಾಪಸ್ ಬಂದಾಗ ತಾಳೆ ನೋಡಲು.

‘ಅಮ್ಮಾ, ನಾನು ಹೋಗ್ತಿರೋದು ವಿಶ್ರಾಂತಿಗೆ.’

‘ಹೌದು ಮಾರಾಯ, ಹೇಗೂ ಸುಮ್ನೇ ಕೂತಿರ್ತೀಯಲ್ಲ’ ಅಂದರು ಅಮ್ಮ, ಜಿಪ್ ಎಳೆಯುತ್ತ. ‘ಕಾಗೆ ನೋಡ್ಕೋ.’