ಮತ ಹಾಕದ ಮಾನ್ಯರಿಗೆ ಅಂಬಲಪಾಡಿಯಿಂದ ಒಂದು ಅರ್ಜಿ

ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿ 2024ರ ಏಪ್ರಿಲ್ 26ರಂದು ಮತಗಟ್ಟೆಯ ಕಡೆ ತಲೆ ಹಾಕದ, ಹತ್ತು ಲಕ್ಷಕ್ಕೂ ಮಿಕ್ಕಿದ ಮಹನೀಯರಿಗೆ ಮತ್ತು ಮಹಿಳೆಯರಿಗೆ,

ಉಡುಪಿಯ ಅಂಬಲಪಾಡಿಯಿಂದ ಒಬ್ಬ ಖಾಯಂ ಮತದಾರನ ನಮಸ್ಕಾರಗಳು. ನಿಮಗೆ ಬುದ್ಧಿ ಹೇಳಲು ಬರೆಯುತ್ತಿದ್ದೇನೆಂದು ಹೆದರಬೇಡಿ. ಆ ಕೆಲಸವನ್ನು ಪತ್ರಿಕೆಗಳು, ಸಿನಿಮಾ ನಟರು, ಚುನಾವಣಾ ಆಯೋಗದವರು ಸೇರಿ ಮಾಡಿ ಸುಸ್ತಾಗಿದ್ದಾರೆ. ನಾನು ನಿಮ್ಮಿಂದ ಕಲಿಯಲು ಬಂದವ.

ಅಂದು ನಿಮ್ಮಲ್ಲಿ ಮತದಾನ ಶೇ. 53.17. ನಮ್ಮ ಉಡುಪಿ-ಚಿಕ್ಕಮಗಳೂರಿನಲ್ಲಿ ಶೇ. 77.15. ಇನ್ನು ಫಲಿತಾಂಶ ನೋಡಿ. ನಿಮ್ಮಲ್ಲಿ ಕಮಲ 2,77,083 ಮತಗಳ ಅಂತರದಿಂದ ಗೆದ್ದಿತು. ನಮ್ಮಲ್ಲಿಯೂ ಕಮಲವೇ, 2,59,175ರಿಂದ. ನಿಮ್ಮಲ್ಲಿ ಅರ್ಧಕ್ಕರ್ಧ ಜನ ಮಲಗಿದಲ್ಲೇ ಸಾಧಿಸಿದ್ದನ್ನು ನಾವು ಕರಾವಳಿಯ ಏಪ್ರಿಲ್ ಸೆಖೆಯಲ್ಲಿ ನಿಂತು ಸಾಧಿಸಿದೆವು, ಅದೂ ಹದಿನೆಂಟು ಸಾವಿರದಷ್ಟು ಕಡಿಮೆ. ಕ್ಷೇತ್ರದ ಗಾತ್ರ ಬೇರೆ ಎಂದು ಲೆಕ್ಕದ ಮಾಸ್ಟ್ರು ಆಕ್ಷೇಪಿಸಿಯಾರು. ಬೆವರಿನ ಗಾತ್ರವೂ ಬೇರೆಯೇ, ಮಾರಾಯ್ರೆ.

ಹೊಟ್ಟೆಕಿಚ್ಚು ಇದಕ್ಕಲ್ಲ. ದೋಸೆಗೆ. ಬೆರಳಿನ ಶಾಯಿ ತೋರಿಸಿದವರಿಗೆ ಬೆಣ್ಣೆ ದೋಸೆ, ಘೀ ರೈಸ್, ಜ್ಯೂಸ್ ಪುಕ್ಕಟೆ ಕೊಡಲು ನಿಮ್ಮ ನಗರದ ಹೋಟೆಲಿನವರು ಹೈಕೋರ್ಟಿನ ಮೆಟ್ಟಿಲೇರಿ ಅನುಮತಿ ತಂದರು! ಊರೂರಿಗೆ ದೋಸೆ ಹುಯ್ಯಲು ಕಲಿಸಿದ್ದು ಉಡುಪಿ. ಆದರೆ ಉಡುಪಿಯವನ ಓಟಿಗೆ ಒಂದು ತುಂಡು ದೋಸೆಯ ಆಮಿಷವನ್ನೂ ಯಾರೂ ಒಡ್ಡುವುದಿಲ್ಲ. ಯಾಕೆ ಒಡ್ಡಬೇಕು? ಬೆಳಗ್ಗೆ ಏಳಕ್ಕೆ ಬೂತ್ ತೆರೆಯುವ ಮೊದಲೇ ಗಂಜಿಗೆ ನೀರಿಟ್ಟು ಬಂದ ಅಮ್ಮಂದಿರು ಇಲ್ಲಿ ಸಾಲು ಕಟ್ಟಿರುತ್ತಾರೆ. ಓಟಿಗೆಂದೇ ಮುಂಬೈಯಿಂದ ಬಸ್ಸು ಹತ್ತಿ ಬರುವವರುಂಟು.

ಸಾಲಿಗಿಂತ ಆಚೆ, ಮೇಜು ಹಾಕಿಕೊಂಡು ಚೀಟಿ ಬರೆದುಕೊಡುವ ಹುಡುಗರಿರುತ್ತಾರೆ. ಎರಡೂ ಪಕ್ಷದ ಹುಡುಗರಿಗೆ ಊರು ಕಂಠಪಾಠ. ಈ ಮನೆ ನಮ್ಮದು, ಆ ಮನೆ ಅವರದು, ಗದ್ದೆಯ ಆಚೆಯ ಮನೆ ಮಾತ್ರ ಸ್ವಲ್ಪ ಡೌಟು. ಈ ಡೌಟಿನ ಮನೆಯವರ ಭಾಗ್ಯ ನೋಡಬೇಕು. ಅಭ್ಯರ್ಥಿ ಖುದ್ದಾಗಿ ಬರುತ್ತಾರೆ, ಅಜ್ಜಿಯ ಮೊಣಕಾಲು ನೋವು ವಿಚಾರಿಸುತ್ತಾರೆ, ಮನೆ ಮುಂದಿನ ಚರಂಡಿಯನ್ನು ಬಗ್ಗಿ ನೋಡುತ್ತಾರೆ. ನಮ್ಮಂಥ ಖಾಯಂ ಮನೆಗಳಿಗೆ ಗೇಟಿನ ಸಂದಿಯಲ್ಲಿ ಒಂದು ಕರಪತ್ರ. ಎದುರು ಪಕ್ಷದವರು ಅದನ್ನೂ ಹಾಕುವುದಿಲ್ಲ, ಕಾಗದ ದಂಡವಂತೆ.

ಕಮಲದ ಕಡೆಗಿನ ಈ ಒಲವು ಮಣ್ಣಿನಿಂದಲೇ ಬಂದದ್ದೆಂದು ನೀವು ತಿಳಿದಿರಬಹುದು. ಹಾಗೇನಿಲ್ಲ. 1968ರಲ್ಲಿ ಉಡುಪಿ ಪುರಸಭೆ ಕಮಲದ ಪೂರ್ವಾವತಾರವಾದ ಜನಸಂಘದ ಕೈಗೆ ಬಂದು, ಇನ್ನೂ ಮೂವತ್ತು ತುಂಬದ ಡಾ. ವಿ.ಎಸ್. ಆಚಾರ್ಯರು ಅಧ್ಯಕ್ಷರಾದರು. ಈ ಊರಿನಲ್ಲಿ ಮಲ ಹೊರುವ ಪದ್ಧತಿ ನಿಂತದ್ದು ಅವರ ಆಡಳಿತದಲ್ಲಿ. ಆಗ ಒಲವು ಕೆಲಸದ ಹಿಂದೆ ಬರುತ್ತಿತ್ತು. ತೀರಾ ಈಚೆಗೂ ಅದು ಅಲುಗಾಡಿದ್ದುಂಟು: 2013ರಲ್ಲಿ ಪ್ರಮೋದ್ ಮಧ್ವರಾಜರನ್ನು ವಿಧಾನಸಭೆಗೆ ಕೈ ಗುರುತಿನಲ್ಲಿ 39,524 ಮತಗಳ ಅಂತರದಿಂದ ಗೆಲ್ಲಿಸಿದವರು ನಾವೇ. 2018ರಲ್ಲಿ ಸೋಲಿಸಿದವರೂ ನಾವೇ. ಅವರು 2019ರಲ್ಲಿ ತೆನೆ ಹೊತ್ತ ಮಹಿಳೆಯ ಗುರುತಿನಲ್ಲಿ ನಿಂತರು, 2022ರಲ್ಲಿ ಕಮಲ ಹಿಡಿದರು. ಜಯಪ್ರಕಾಶ್ ಹೆಗ್ಡೆಯವರು ಕಾಂಗ್ರೆಸ್ಸಿನಿಂದ ನಮ್ಮ ಸಂಸದರಾಗಿ, ಬಿಜೆಪಿಗೆ ಹೋಗಿ, 2024ರ ಚುನಾವಣೆಯ ಹೊತ್ತಿಗೆ ಕಾಂಗ್ರೆಸ್ಸಿಗೆ ಮರಳಿದರು. ಪಕ್ಷ ಬದಲಿಸುವ ಶ್ರಮವನ್ನೆಲ್ಲ ಅಭ್ಯರ್ಥಿಗಳೇ ವಹಿಸಿಕೊಂಡ ಮೇಲೆ ಮತದಾರ ಕೂತಲ್ಲೇ ಕೂತರಾಯಿತು ಎಂಬ ವ್ಯವಸ್ಥೆ ಇದು.

ಕೂತದ್ದಕ್ಕೆ ಫಲವೂ ಸಿಕ್ಕಿದೆ. 2018ರ ಆಗಸ್ಟ್‌ನಲ್ಲಿ ನಗರಸಭೆಯ 35 ವಾರ್ಡುಗಳಲ್ಲಿ 31ನ್ನು ಒಂದೇ ಪಕ್ಷಕ್ಕೆ ಕೊಟ್ಟೆವು. ಮೀಸಲಾತಿ ಪಟ್ಟಿಯ ಜಗಳ ಕೋರ್ಟಿಗೆ ಹೋಗಿ, ಅಧ್ಯಕ್ಷರ ಆಯ್ಕೆಯಾದದ್ದು 2020ರಲ್ಲಿ. ಅಲ್ಲಿಯವರೆಗೆ ಗೆದ್ದವರೂ ನಮ್ಮ ಹಾಗೆಯೇ ನಗರಸಭೆಯ ಹೊರಗೆ. ನಿಮ್ಮ ಪಾಲಿಕೆಯ ಅವಧಿ ಮುಗಿದದ್ದೂ 2020ರಲ್ಲೇ, ಆಮೇಲೆ ವರ್ಷಗಟ್ಟಲೆ ಚುನಾವಣೆಯ ಸೊಲ್ಲೇ ಇಲ್ಲ. ಮತ ಹಾಕದಿರುವ ನಿಮ್ಮ ಅಭ್ಯಾಸಕ್ಕೆ ಸರ್ಕಾರವೇ ತರಬೇತಿ ಕೊಟ್ಟಿತು. ಅಂಬಲಪಾಡಿಯ ವಿಶೇಷವೆಂದರೆ ಒಂದೇ ಹೆಸರಿನ ಊರಿನಲ್ಲಿ ಒಂದಷ್ಟು ಮನೆ ನಗರಸಭೆಗೆ, ಒಂದಷ್ಟು ಗ್ರಾಮ ಪಂಚಾಯತಿಗೆ. ಬೀದಿದೀಪ ಕೆಟ್ಟರೆ ಮೊದಲು ಗಡಿ ನಿರ್ಣಯವಾಗಬೇಕು. ಜಿಲ್ಲಾ ಪಂಚಾಯತಿಗೆ ನಾವು ಮತ ಹಾಕಿದ್ದು 2016ರಲ್ಲಿ. ಆ ಅವಧಿ 2021ಕ್ಕೇ ಮುಗಿದಿತ್ತು. ಇಂದ್ರಾಳಿಯ ರೈಲ್ವೆ ಸೇತುವೆಗೆ ಕಾಯುತ್ತ 2019, 2023, 2024ರ ಸಾಲುಗಳಲ್ಲಿ ನಿಂತು ಬಂದೆವು. ಸೇತುವೆ 2025ರಲ್ಲಿ ತೆರೆಯಿತು. ಅಷ್ಟರಲ್ಲಿ ನಿಮ್ಮೂರಿಗೆ ಮೆಟ್ರೋದ ಮೇಲೆ ಮೆಟ್ರೋ. ಸಾಲದೆಂದು ಸುರಂಗ ರಸ್ತೆಯ ಮಾತು.

ಆದ್ದರಿಂದ ಅರ್ಜಿ ಇಷ್ಟೆ. ಬರದ ಅತಿಥಿಗೇ ಎಲೆ ಹಾಕಿ ಕಾಯುವಂತೆ ಮಾಡುವ ನಿಮ್ಮ ವಿದ್ಯೆಯನ್ನು ನಮಗೂ ಕಲಿಸಿ. ಸಾಲು ಬಿಡುವುದು ನಮ್ಮಿಂದಾಗದು, ಅಮ್ಮಂದಿರು ಒಪ್ಪುವುದಿಲ್ಲ. ಡೌಟಿನ ಮನೆಯಾಗುವುದು ಹೇಗೆ, ಅದನ್ನಾದರೂ ಹೇಳಿಕೊಡಿ. ಬದಲಿಗೆ ಬೆಳಗ್ಗೆ ಆರಕ್ಕೆ ಏಳುವುದನ್ನು ನಾವು ಕಲಿಸುತ್ತೇವೆ.

ಕೊನೆಗೊಂದು ಗುಟ್ಟಿನ ಮಾತು. ನಿಮ್ಮಲ್ಲಿ ಕೆಲವರನ್ನು ಅಂದು ನಾನು ನಮ್ಮ ಸಾಲಿನಲ್ಲೇ ನೋಡಿದೆ! ಹಿಂದಿನ ರಾತ್ರಿಯ ಬಸ್ಸಿಗೆ ಬಂದು, ಅಮ್ಮನ ಜೊತೆ ನಿಂತು, ಮಧ್ಯಾಹ್ನ ಮೀನು ಸಾರು ಉಂಡು ಹೋದಿರಿ. ಹೆಸರು ಅಲ್ಲಿಯೂ ಉಂಟು, ಇಲ್ಲಿಯೂ ಉಂಟು. ಅಲ್ಲಿನ ಪಟ್ಟಿಯಲ್ಲಿ ಸೋಮಾರಿ, ಇಲ್ಲಿನ ಪಟ್ಟಿಯಲ್ಲಿ ಪ್ರಜ್ಞಾವಂತ. ಕಾನೂನಿನ ಪ್ರಕಾರ ಒಬ್ಬರಿಗೆ ಒಂದೇ ಕಡೆ ಹೆಸರು. ಯಾವುದನ್ನು ತೆಗೆಸುತ್ತೀರೆಂದು ತಿಳಿಸಿದರೆ ಮೇಜಿನ ಹುಡುಗರಿಗೆ ಹೇಳಿಡುತ್ತೇನೆ. ನಿಮ್ಮ ಮನೆಯ ಮುಂದೆ ಅವರು ಈಗಾಗಲೇ ಟಿಕ್ ಹಾಕಿಯಾಗಿದೆ.

ಇತಿ,
ಗೇಟಿನ ಸಂದಿಯ ಕರಪತ್ರಕ್ಕೆ ಬಾಧ್ಯಸ್ಥ,
ಅಂಬಲಪಾಡಿಯ ಒಬ್ಬ ಮತದಾರ