ಬಿಚ್ಚಿದ್ದು ಯಾರು ಮಾರಾಯ್ರೆ?

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಬೈಕು ಓಡ್ತಾ ಇತ್ತು ತಾನೆ? ಪಿಕಪ್ ಸ್ವಲ್ಪ ಕಮ್ಮಿ, ಬೆಳಿಗ್ಗೆ ಎರಡು ಕಿಕ್ ಜಾಸ್ತಿ, ಅಷ್ಟೇ. (ವಯಸ್ಸಾದ ಮೇಲೆ ನಿಮಗೂ ಬೆಳಿಗ್ಗೆ ಏಳೋಕೆ ಎರಡು ಕಿಕ್ ಜಾಸ್ತಿ ಬೇಕು. ಹಾಗಂತ ಯಾರಾದರೂ ನಿಮ್ಮನ್ನ ಬಿಚ್ಚಿ ನೋಡ್ತಾರಾ?) ಅಂಥ ಗಾಡಿಯ ಕಾರ್ಬೊರೇಟರಿಗೆ ಭಾನುವಾರ ತಿಂಡಿ ತಿಂದ ಕೈಯಲ್ಲೇ ತಿರುಪುಳಿ ಹಾಕಿದಿರಲ್ಲ, ಯಾಕೆ?

ದುಡ್ಡು ಉಳಿಯುತ್ತೆ ಅಂತೀರಿ. ಸರಿ, ಲೆಕ್ಕ ನೋಡೋಣ. ಗ್ಯಾರೇಜಿನ ಕೂಲಿ ಉಳಿಸೋಕೆ ಅಂತ ಆನ್‌ಲೈನಲ್ಲಿ 46 ಪೀಸಿನ ಸಾಕೆಟ್ ಸೆಟ್ ತರಿಸಿದಿರಿ. ಅದರಲ್ಲಿ ಹತ್ತು, ಹನ್ನೆರಡು, ಹದಿನಾಲ್ಕು ಬಿಟ್ಟರೆ ಮಿಕ್ಕಿದ್ದು ಪ್ಲಾಸ್ಟಿಕ್ ಗೂಡು ಬಿಟ್ಟು ಹೊರಗೇ ಬಂದಿಲ್ಲ. ಆಮೇಲೆ ತುಕ್ಕು ಬಿಡಿಸೋ ಸ್ಪ್ರೇ, ಆಮೇಲೆ ತಲೆಗೆ ಕಟ್ಟಿಕೊಳ್ಳೋ ಟಾರ್ಚು. (ಮನೇಲಿ ಕೇಳಿದಾಗ ರೇಟು ಅರ್ಧ ಹೇಳಿದೀರಿ. ನಂಗೊತ್ತು.)

ದುಡ್ಡಿನ ವಿಷಯ ಅಲ್ಲವೇ ಅಲ್ಲ ಬಿಡಿ. ವಾರವಿಡೀ ಆಫೀಸಿನಲ್ಲಿ ಯಾರ್ಯಾರದೋ ಮಾತು ಕೇಳಿದ ಮನುಷ್ಯನಿಗೆ ಒಂದು ದಿನ, ತಾನು ತಿರುಗಿಸಿದ ಕಡೆಗೇ ತಿರುಗೋ ನಟ್ಟು ಒಂದಾದರೂ ಬೇಕು. ಅದಕ್ಕೇ ಗಾಡಿ ಸ್ಟ್ಯಾಂಡ್ ಹಾಕಿ, ಹಳೇ ಪೇಪರ್ ಹಾಸಿ, ಬನಿಯನ್ನಿನಲ್ಲಿ ಕೂತಿರಿ. ಅರ್ಥ ಆಗುತ್ತೆ. ನನ್ನ ತಕರಾರು ಬೇರೆ.

ಟೈರಿಗೆ ಗಾಳಿ ಚೆಕ್ ಮಾಡಿಸಿ ಎಷ್ಟು ದಿನ ಆಯ್ತು? ಚೈನು? ಏರ್ ಫಿಲ್ಟರ್ ಬಿಚ್ಚಿ ಧೂಳು ನೋಡಿದ್ದು ಯಾವಾಗ? ಯಾಕೆ ಆಕಡೆ ನೋಡ್ತಿದೀರಿ? ಹಳೇ ಹಲ್ಲುಜ್ಜೋ ಬ್ರಶ್ಶಿಗೆ ಒಂಚೂರು ಡೀಸೆಲ್ ತಾಗಿಸಿ ಚೈನು ಉಜ್ಜಿ, ಒರೆಸಿ, ಎಣ್ಣೆ ಬಿಡೋಕೆ ಕಾಲು ಗಂಟೆ ಸಾಕು. ಚೈನಿನ ನಟ್ಟನಡುವೆ ಬೆರಳಿಟ್ಟು ಎತ್ತಿದರೆ ಎರಡು-ಮೂರು ಸೆಂಟಿಮೀಟರ್ ಆಡಬೇಕು. ಜಾಸ್ತಿ ಆಡಿದರೆ ಬಿಗಿ ಮಾಡಬೇಕು. ಮುಗೀತು.

ಆದರೆ ಅದು ನಿಮಗೆ ಬೇಡ. ‘ನಿನ್ನೆ ಚೈನಿಗೆ ಎಣ್ಣೆ ಬಿಟ್ಟೆ’ ಅಂತ ಸೋಮವಾರ ಯಾರ ಹತ್ರ ಹೇಳ್ಕೊಳ್ಳೋಕಾಗುತ್ತೆ? ‘ನಿನ್ನೆ ಕಾರ್ಬೊರೇಟರ್ ಬಿಚ್ಚಿದ್ದೆ’ ಅನ್ನೋದರ ಗತ್ತೇ ಬೇರೆ. ನೆಗಡಿಗೆ ಕಷಾಯ ಕುಡಿಯೋಕೆ ಒಲ್ಲೆ, ಆಪರೇಷನ್ನೇ ಆಗಲಿ ಅನ್ನೋ ಪಾರ್ಟಿ ನೀವು.

ಈ ಚಟ ನಿಮಗೆ ಸುಮ್ಮನೆ ಬಂದದ್ದಲ್ಲ, ಅಪ್ಪನಿಂದ ಬಂದದ್ದು. ಅವರ ಹತ್ರ ಇದ್ದದ್ದು ಬಜಾಜ್ ಚೇತಕ್ಕೋ, ಮೈಸೂರಿನ ಯೆಜ್ಡಿಯೋ. (ಲೂನಾ ಇದ್ದವರೂ ನಾಚಿಕೋಬೇಡಿ.) ಸ್ಕೂಟರು ಸ್ಟಾರ್ಟ್ ಆಗದಿದ್ದರೆ ಮೊದಲ ಚಿಕಿತ್ಸೆ ಅದನ್ನ ಒಂದು ಪಕ್ಕಕ್ಕೆ ಮಲಗಿಸೋದು. ಎಬ್ಬಿಸಿ ಒದ್ದರೆ, ಏನು ಮಾಯವೋ, ಸ್ಟಾರ್ಟು! ಆ ಕಾಲದಲ್ಲಿ ಸ್ಕೂಟರ್ ಇದ್ದವರೆಲ್ಲ ಅರ್ಧ ಮೆಕ್ಯಾನಿಕ್ಕೇ.

ಆ ಗಾಡಿಗಳು ಟೂ-ಸ್ಟ್ರೋಕು. ಪೆಟ್ರೋಲಿನ ಜೊತೆ ಎಣ್ಣೆಯೂ ಉರಿಯುತ್ತಿತ್ತಲ್ಲ, ಪ್ಲಗ್ಗಿನ ಮೂತಿಗೆ ಮಸಿ ಕಟ್ಟುತ್ತಿತ್ತು. ಅಪ್ಪ ದಾರಿ ಬದಿಯಲ್ಲೇ ಕೂತು ಮೈಕೋ ಪ್ಲಗ್ ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ, ಉಫ್ ಅಂತ ಊದಿ ಹಾಕುತ್ತಿದ್ದರು. (ಮೈಕೋ ಅಂದರೆ ಬೆಂಗಳೂರಿನ ಆಡುಗೋಡಿಯದ್ದೇ. ಲೇಔಟಿಗೂ ಹೆಸರು ಕೊಟ್ಟ ಕಂಪನಿ.) ಹಿಂದಿನ ಸೀಟಿನಲ್ಲಿ ಕೂತ ನೀವು ಅವತ್ತೇ ನಿರ್ಧಾರ ಮಾಡಿದಿರಿ: ಗಂಡಸು ಅಂದ ಮೇಲೆ ಪ್ಲಗ್ ಊದಬೇಕು.

ಯೆಜ್ಡಿಯ ಕಥೆ ಇನ್ನೂ ಗಮ್ಮತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಬಿಡೋಕೆ ಶುರು ಮಾಡಿ, 1996ರಲ್ಲಿ ಬಾಗಿಲು ಹಾಕಿತು. ಬೈಕುಗಳು ಮಾತ್ರ ಬಾಗಿಲು ಹಾಕಲಿಲ್ಲ! ಅದರಲ್ಲಿ ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ ಸರಳು: ಮೇಲೆತ್ತಿ ಒದ್ದರೆ ಸ್ಟಾರ್ಟು, ಮುಂದಕ್ಕೆ ಬಗ್ಗಿಸಿ ಒತ್ತಿದರೆ ಗೇರು. ಅಂಥ ಗಾಡಿ ಇಟ್ಟವನು ತನ್ನನ್ನ ಇಂಜಿನಿಯರ್ ಅಂದುಕೊಂಡರೆ ತಪ್ಪು ಹೊರಿಸೋದು ಹೇಗೆ?

ಕಷ್ಟ ಬಂದದ್ದು 2020ರ ಏಪ್ರಿಲ್ ಒಂದಕ್ಕೆ. ಬಿಎಸ್-6 ನಿಯಮ ಬಂತು, ಹೆಚ್ಚಿನ ಹೊಸ ಬೈಕುಗಳ ಕಾರ್ಬೊರೇಟರ್ ಹೋಯ್ತು, ಆ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂತು. ತಿರುಗಿಸೋಕೆ ಸ್ಕ್ರೂ ಇಲ್ಲ, ಎಳೆಯೋಕೆ ಚೋಕ್ ಇಲ್ಲ. ಮೀಟರಿನಲ್ಲಿ ಹಳದಿ ದೀಪ ಮಿಣುಕಿದರೆ ಲ್ಯಾಪ್‌ಟಾಪ್ ಹಿಡಿದ ಹುಡುಗನ ಮುಂದೆ ಕೈಕಟ್ಟಿ ನಿಲ್ಲಬೇಕು. (ಆ ಹುಡುಗನ ಅಂಗಿಗೆ ಗ್ರೀಸೇ ತಾಗಿಲ್ಲ ನೋಡಿ. ಇದೆಂತ ಮೆಕ್ಯಾನಿಕ್ಕು?)

ಕೆಲಸ ಕಳಕೊಂಡ ನಿಮ್ಮ ಕೈಗೆ ಆಮೇಲೆ ಸಿಕ್ಕಿದ್ದು ಯಾವುದು ಹೇಳಿ? ಪಟ್ಟಣದಲ್ಲಾದರೆ ನಿಮ್ಮದೋ ಪಕ್ಕದ ಮನೆಯವರದೋ ಹಳೇ ಬೈಕು. ನಮ್ಮ ಸಾಗರ, ಶಿರಸಿ, ತೀರ್ಥಹಳ್ಳಿ ಕಡೆ ಆದರೆ ವೀಡ್ ಕಟರು! ಹೆಗಲಿಗೆ ನೇತು ಹಾಕಿಕೊಂಡು ಅಡಿಕೆ ತೋಟದ ಹುಲ್ಲು ಹೊಡೆಯೋ ಮಿಷನ್ನು. ಕೊಯ್ಲಿಗೆ ಮುಂಚೆ ತೋಟ ಚೊಕ್ಕ ಆಗಬೇಕು, ಇಲ್ಲದಿದ್ದರೆ ಉದುರಿದ ಅಡಿಕೆ ಹುಲ್ಲಲ್ಲಿ ಮಾಯ. ಕತ್ತಿ ಹಿಡಿಯೋ ಆಳು ಸಿಗದೆ ಮನೆಮನೆಗೆ ಮಿಷನ್ ಬಂತು, ಅದರ ಹಿಂದೆಯೇ ನಿಮ್ಮ ತಿರುಪುಳಿಯೂ ಬಂತು.

ಮೊದಲು ಎಣ್ಣೆ ವಿಷಯ. ಟೂ-ಸ್ಟ್ರೋಕ್ ಮಿಷನ್ನಿನ ಜೊತೆ ಬಂದ ಪುಸ್ತಕದಲ್ಲಿ ಅಳತೆ ಬರೆದಿರುತ್ತೆ. ಒಂದಕ್ಕೆ ಐವತ್ತು ಅಂದರೆ ಲೀಟರ್ ಪೆಟ್ರೋಲಿಗೆ 20 ಎಂಎಲ್, ಒಂದಕ್ಕೆ ಇಪ್ಪತ್ತೈದು ಅಂದರೆ 40. ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ ಅಂತ ತೂಗಿ ಹಾಕೋ ಜನ ನೀವು, ಇಲ್ಲಿ ಮಾತ್ರ ‘ಒಂದು ಮುಚ್ಚಳ, ಮೇಲೊಂಚೂರು’! ಜಾಸ್ತಿ ಆದರೆ ಹೊಗೆ, ಪ್ಲಗ್ಗಿಗೆ ಮಸಿ. ಕಮ್ಮಿ ಆದರೆ ಪಿಸ್ಟನ್ನೇ ಸೀಜು. ಆ ಪುಸ್ತಕ ಎಲ್ಲಿದೆ? (ಮಿಷನ್ ಬಿಚ್ಚುವಾಗ ನೆಲಕ್ಕೆ ಹಾಸಿದ್ದು ಅದೇ ಅಲ್ವಾ?)

ಇನ್ನು ಬ್ಲೇಡಿನ ನಟ್ಟು. ಅದು ಉಲ್ಟಾ ಥ್ರೆಡ್ಡು ಮಾರಾಯ್ರೆ! ತಿರುಗೋ ರಭಸಕ್ಕೆ ತಾನಾಗೇ ಸಡಿಲ ಆಗಬಾರದು ಅಂತ ಹಾಗೆ ಮಾಡಿರ್ತಾರೆ. ಬಿಚ್ಚೋಕೆ ಬಲಕ್ಕೆ ತಿರುಗಿಸಬೇಕು. ನೀವು ಎಡಕ್ಕೆ ತಿರುಗಿಸ್ತೀರಿ, ಬರಲ್ಲ. ಸ್ಪ್ಯಾನರಿಗೆ ಪೈಪ್ ತೂರಿಸಿ ಜಗ್ತೀರಿ, ಬರಲ್ಲ. ಕೊನೆಗೆ ಅದರ ಮೇಲೆ ಹತ್ತಿ ನಿಲ್ತೀರಿ. ನಟ್ಟಿಗೆ ಇದಕ್ಕಿಂತ ಒಳ್ಳೆ ಬಿಗಿ ಕಂಪನಿಯವರೂ ಕೊಟ್ಟಿರಲ್ಲ.

ಇದೇ ಜಾತಿಯ ಉಲ್ಟಾಗಳು ಇನ್ನೂ ಇವೆ. ಸೈಕಲ್ಲಿನ ಎಡಗಡೆ ಪೆಡಲ್ಲು, ಎಷ್ಟೋ ಯಮಹಾ ಬೈಕುಗಳ ಬಲಗಡೆ ಕನ್ನಡಿ. ಅದಕ್ಕೆಲ್ಲ ಜೋರು ಮಾಡಿ ಥ್ರೆಡ್ ತಿಂದುಹಾಕಿದ ಮೇಲೆ ನೀವು ಹೇಳೋ ಮಾತು ಒಂದೇ: ‘ಈಗಿನ ಮಾಲೇ ಸರಿ ಇಲ್ಲ.’

ಆದರೆ ನಿಜವಾದ ಮಜಾ ಇರೋದು ವೀಡ್ ಕಟರಿನ ಹಗ್ಗದ ಡಬ್ಬದಲ್ಲಿ. ಹಗ್ಗ ಎಳೆದು ಸ್ಟಾರ್ಟ್ ಮಾಡ್ತೀವಲ್ಲ, ಒಂದು ದಿನ ಅದು ತುಂಡಾಗುತ್ತೆ, ಇಲ್ಲ ಎಳೆದದ್ದು ವಾಪಸ್ ಒಳಗೆ ಹೋಗಲ್ಲ. ‘ಇದೇನು ಮಹಾ’ ಅಂತ ಮುಚ್ಚಳ ಬಿಚ್ಚಿ ಒಳಗಿನ ಚಕ್ರ ಎತ್ತಿದಿರಿ. ಅಷ್ಟೇ. ಕೆಳಗೆ ಸುತ್ತಿ ಕೂತಿದ್ದ ಉಕ್ಕಿನ ಪಟ್ಟಿ ಸ್ಪ್ರಿಂಗು ಝರ್ರ್ ಅಂತ ಹೊರಗೆ ಹಾರಿತು!

ಅಂಗೈ ಅಗಲದ ಡಬ್ಬದಲ್ಲಿ ಇದ್ದದ್ದು ಈಗ ಜಗಲಿಯ ಈ ತುದಿಯಿಂದ ಆ ತುದಿಗೆ ಬಿದ್ದಿದೆ. ಅದನ್ನ ಮತ್ತೆ ಸುರುಳಿ ಸುತ್ತಿ ಕೂರಿಸಬೇಕು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತೆ. ಮುಕ್ಕಾಲು ಸುತ್ತು ಮುಗೀತು ಅನ್ನುವಾಗ ಯಾರಾದರೂ ‘ಕಾಫಿ ಬೇಕಾ?’ ಅಂತಾರೆ, ನೀವು ತಲೆ ಎತ್ತುತ್ತೀರಿ, ಮತ್ತೆ ಝರ್ರ್! (ದಪ್ಪ ಕೈಗವಸು ಹಾಕಿ, ಕನ್ನಡಕ ಹಾಕಿ ಕೂತ್ಕೊಳ್ಳಿ. ಆ ಪಟ್ಟಿಯ ಅಂಚು ಬೆರಳು ಕೊಯ್ಯುತ್ತೆ, ತಮಾಷೆ ಅಲ್ಲ.)

ಈ ಹೊತ್ತಿಗೆ ನಿಮಗೊಬ್ಬ ಅಸಿಸ್ಟೆಂಟ್ ಬೇಕು. ಮನೆ ಮಾಣಿಯೇ ಬಲಿ. ಅವನ ಕೆಲಸ ಟಾರ್ಚ್ ಹಿಡಿಯೋದು. ‘ಇಲ್ಲಿ ಹಿಡಿ ಅಂದ್ರೆ ಎಲ್ಲಿ ಹಿಡೀತೀಯಾ?’ ಅನ್ನೋ ಬೈಗುಳ ಕೇಳದೆ ದೊಡ್ಡವರಾದ ಮಕ್ಕಳು ನಮ್ಮ ಸೀಮೆಯಲ್ಲಿ ಇಲ್ಲ. ಪ್ಲಗ್ಗಿನಲ್ಲಿ ಕಿಡಿ ಬರುತ್ತಾ ನೋಡೋಕೆ ಪ್ಲಗ್ಗನ್ನೂ ಅವನ ಕೈಗೇ ಕೊಟ್ಟು ಕಿಕ್ ಹೊಡೆದ ಅಪ್ಪಂದಿರೂ ಇದ್ದಾರೆ. (ಶಾಕ್ ಹೊಡೆಯುತ್ತೆ, ಪಾಪ! ಟೋಪಿ ಸಿಕ್ಕಿಸಿದ ಪ್ಲಗ್ಗನ್ನ ಇಂಜಿನ್ನಿನ ಲೋಹಕ್ಕೆ ತಾಗಿಸಿ ಇಡಬೇಕು, ಕೈಯಲ್ಲಿ ಹಿಡಿಯೋದಲ್ಲ. ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು.)

ಜೋಡಿಸಿ ಮುಗಿದ ಮೇಲೆ ಪೇಪರ್ ಮೇಲೆ ಒಂದು ವಾಷರ್ರು, ಒಂದು ಉದ್ದ ಬೋಲ್ಟು ಮಿಕ್ಕಿರುತ್ತೆ. ನೀವೇನು ಮಾಡ್ತೀರಿ? ಸುತ್ತಮುತ್ತ ನೋಡಿ ಜೇಬಿಗೆ ಹಾಕ್ತೀರಿ. ‘ಅದು ಎಕ್ಸ್‌ಟ್ರಾ’ ಅಂತ ಮಾಣಿಗೆ ಸಮಾಧಾನ ಬೇರೆ. ಕಂಪನಿಯವರು ನಿಮ್ಮ ಮೇಲಿನ ಪ್ರೀತಿಗೆ ಎಕ್ಸ್‌ಟ್ರಾ ಬೋಲ್ಟ್ ಹಾಕಿ ಕಳಿಸ್ತಾರೆ, ಅಲ್ವಾ?

ಇಷ್ಟೆಲ್ಲ ಆದರೂ ಸ್ಟಾರ್ಟ್ ಆಗಲಿಲ್ಲ. ಮಧ್ಯಾಹ್ನ ಎರಡು ಗಂಟೆ, ಊಟಕ್ಕೆ ಕರೆದೂ ಕರೆದೂ ಒಳಗಿನವರಿಗೆ ಸಾಕಾಯ್ತು. ‘ರೀ, ಆ ಕೆಂಪು ಸ್ವಿಚ್ ಆಫ್ ಇದೆಯಲ್ಲ, ಅದು ಹಾಗೇ ಇರಬೇಕಾ?’ ಅಂತ ಬಾಗಿಲಲ್ಲಿ ನಿಂತು ಕೇಳಿದರು. ಆ ಕ್ಷಣದ ನಿಮ್ಮ ಮುಖ! ‘ನಂಗೊತ್ತು, ಟೆಸ್ಟ್ ಮಾಡ್ತಿದ್ದೆ’ ಅಂದಿರಿ. (ಸ್ವಿಚ್ಚು, ಪೆಟ್ರೋಲಿನ ನಲ್ಲಿ, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯಾ ಅನ್ನೋದು. ಈ ಮೂರನ್ನ ಮೊದಲು ನೋಡೋಕೆ ನಿಮ್ಮ ಮರ್ಯಾದೆ ಬಿಡಲ್ಲ.)

ಇನ್ನೊಂದು ಸಣ್ಣ ಕೆಲಸ ಹೇಳ್ಲಾ? ನೀವು ಮಾಡಲ್ಲ ಅಂತ ಗೊತ್ತಿದ್ದೂ ಹೇಳ್ತೀನಿ. ಹುಲ್ಲು ಹೊಡೆಯೋ ಕಾಲ ಮುಗಿದ ಮೇಲೆ ಮಿಷನ್ನನ್ನ ಪೆಟ್ರೋಲ್ ಸಮೇತ ಕೊಟ್ಟಿಗೆ ಮೂಲೆಗೆ ನಿಲ್ಲಿಸಬೇಡಿ. ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ, ತಾನಾಗೇ ನಿಲ್ಲೋವರೆಗೆ ಓಡಿಸಿ, ಆಮೇಲೆ ಇಡಿ.

ಯಾಕೆ ಅಂದರೆ, ತಿಂಗಳುಗಟ್ಟಲೆ ನಿಂತ ಪೆಟ್ರೋಲು ಅಂಟಾಗಿ ಕಾರ್ಬೊರೇಟರಿನ ಸಣ್ಣ ಸಣ್ಣ ತೂತುಗಳನ್ನ ಮುಚ್ಚಿಬಿಡುತ್ತೆ. ಈಗಂತೂ ಅದರಲ್ಲಿ ಎಥನಾಲ್ ಬೇರೆ. (ಇಪ್ಪತ್ತು ಪರ್ಸೆಂಟಿನ ಈ-20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಲ್ಲೇ.) ಎಥನಾಲ್ ಗಾಳಿಯ ತೇವ ಹೀರುತ್ತೆ, ನಮ್ಮ ಮಲೆನಾಡಲ್ಲಿ ತೇವಕ್ಕೇನು ಬರ! ಜೂನಿನಲ್ಲಿ ಹಗ್ಗ ಎಳೆದೂ ಎಳೆದೂ ರಟ್ಟೆ ಬಿದ್ದುಹೋಗೋದು ಇದಕ್ಕೇ.

ಹೇಳಿದ್ದೆಲ್ಲ ಕೇಳಿ ತಲೆ ಆಡಿಸಿದಿರಿ. ಆದರೆ ಕಣ್ಣು ಪಕ್ಕದ ಮನೆ ಮಿಷನ್ ಮೇಲೇ ಇದೆಯಲ್ಲ! ಆ ಪಕ್ಕದ ಮನೆಯವರ ಪ್ಲಗ್ ಸ್ಪ್ಯಾನರ್ ವಾಪಸ್ ಕೊಟ್ಟಿರಾ? ಆಯುಧಪೂಜೆ ದಿನ ನಿಮ್ಮ ಸಲಕರಣೆಗಳೆಲ್ಲ ಸಾಲಾಗಿ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು. ಅವರು ಕಡ್ಲೆಪುರಿ ತಗೊಳ್ಳೋಕೆ ಬಂದರು, ಸಾಲಿನ ಮಧ್ಯೆ ತಮ್ಮ ಸ್ಪ್ಯಾನರ್ ನೋಡಿದರು, ಭಕ್ತಿಯಿಂದ ಅದಕ್ಕೊಂದು ನಮಸ್ಕಾರ ಹಾಕಿ ಹೋದರು. ದೊಡ್ಡ ಮನಸ್ಸು ಅವರದು.

ಭಾನುವಾರ ಬಿಚ್ಚಿದ ಆ ಬೈಕು ಏನೇ ಮಾಡಿದರೂ ಸ್ಟಾರ್ಟ್ ಆಗದೆ, ಸೋಮವಾರ ಬೆಳಿಗ್ಗೆ ತಳ್ಳಿಕೊಂಡು ಗ್ಯಾರೇಜಿಗೆ. ಈ ನಡಿಗೆಯಲ್ಲಿ ನಿಮ್ಮದೊಂದು ಉಪಾಯ ಇದೆ: ಊರಿನ ದೊಡ್ಡ ರಸ್ತೆ ಬಿಟ್ಟು ಹಿಂದಿನ ಓಣಿಯಲ್ಲಿ ಹೋಗೋದು. ಅಲ್ಲೂ ಯಾರಾದರೂ ಸಿಕ್ಕೇ ಸಿಗ್ತಾರೆ. ‘ಪೆಟ್ರೋಲ್ ಖಾಲಿ’ ಅಂತೀರಿ. ಅವರು ಬಾಟಲಿಯಲ್ಲಿ ಪೆಟ್ರೋಲ್ ತಂದುಕೊಡೋಕೆ ಹೊರಡ್ತಾರೆ. ಬೇಡ ಬೇಡ ಅಂತ ಅವರನ್ನ ತಡೆಯೋದು ಕಾರ್ಬೊರೇಟರ್ ಬಿಚ್ಚೋದಕ್ಕಿಂತ ಕಷ್ಟ.

ಗ್ಯಾರೇಜಿನವನು ಗಾಡಿ ಮುಟ್ಟೋದೇ ಇಲ್ಲ, ಬಗ್ಗಿ ನೋಡ್ತಾನೆ. ಸ್ಕ್ರೂಗಳ ತಲೆ ಸವೆದು ಗುಂಡಗಾಗಿದೆ. ಪ್ಯಾಕಿಂಗ್ ಜಾಗದಲ್ಲಿ ಬಿಂಕದಿಂದ ಹಚ್ಚಿದ ಗಮ್ಮು ಹೊರಗೆ ಇಣುಕ್ತಿದೆ. ಕೇಬಲ್ಲು ಬರಬಾರದ ಕಡೆಯಿಂದ ಬಂದಿದೆ. ಅವನಿಗೆಲ್ಲ ಗೊತ್ತಾಯ್ತು, ಆದರೂ ಕೇಳೋದು ಅವನ ಧರ್ಮ: ‘ಯಾರು ಸಾರ್ ಬಿಚ್ಚಿದ್ದು ಇದನ್ನ?’

ನೀವು ಗಂಟಲು ಸರಿ ಮಾಡ್ಕೊಂಡಿರಿ. ಉಗುರಿನ ಸಂದಿಯ ಗ್ರೀಸು ಕಾಣದ ಹಾಗೆ ಕೈ ಹಿಂದಕ್ಕೆ ಕಟ್ಟಿದಿರಿ. ‘ನಾನು ಊರಲ್ಲಿರಲಿಲ್ಲಪ್ಪ, ನಮ್ಮ ಭಾವ ಬಂದಿದ್ದ, ಅವನೇ ಏನೋ ಕೈ ಹಾಕಿದಾನೆ. ಬೇಡ ಅಂದ್ರೆ ಕೇಳಬೇಕಲ್ಲ’ ಅಂದಿರಿ. ಗ್ಯಾರೇಜಿನವನು ನಗಲಿಲ್ಲ. ಅವನ ಹುಡುಗ ಮಾತ್ರ ಆಕಡೆ ತಿರುಗಿ ನಕ್ಕ. ಯಾಕೆ ಅಂದರೆ ಒಳಗಡೆ ಸಿಲಿಂಡರ್ ಕಳಚಿಟ್ಟ ವೀಡ್ ಕಟರ್ ಪಕ್ಕದಲ್ಲಿ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಮ್ಮ ಭಾವ ಆಗಲೇ ನಿಂತಿದಾನೆ. ಅವನು ಅರ್ಧ ಗಂಟೆ ಮುಂಚೆ ಬಂದು ಹೇಳಿದ್ದೂ ನಿಮ್ಮ ಹೆಸರನ್ನೇ.